ಮಿಸ್ವಾಕ್‌ನಿಂದ ಸೂಕ್ಷ್ಮದರ್ಶಕದವರೆಗೆ: ವಸಡಿನ ರೋಗದ ಇತಿಹಾಸ ಕಲಿಸುವ ಪಾಠ

ಪ್ರವಾದಿ ಮುಹಮ್ಮದ್(ಸ)ರವರ ಜೀವನದ ಅಂತಿಮ ಗಳಿಗೆಗಳನ್ನು ವಿವರಿಸುವ ಹದೀಸ್‌ಗಳಲ್ಲಿ ಮಿಸ್ವಾಕ್‌ನ ಪ್ರಸ್ತಾಪವಿದೆ. ಹಝ್ರತ್ ಆಯಿಶಾ(ರ)ರವರು ಅದನ್ನು ಅಗಿದು ಮೃದುಗೊಳಿಸಿ ಕೊಟ್ಟರೆಂದೂ ಪ್ರವಾದಿವರ್ಯರು(ಸ) ಅದರಿಂದ ಹಲ್ಲುಜ್ಜಿದರೆಂದೂ ಸಹೀಹ್ ಬುಖಾರಿಯಲ್ಲಿ ದಾಖಲಾಗಿದೆ. ಬಾಯಿಯ ಶುಚಿತ್ವಕ್ಕೆ ಇಷ್ಟು ಮಹತ್ವ ನೀಡಿದ ಸಮುದಾಯದಲ್ಲಿ ಇಂದು ವಸಡಿನ ರೋಗದ ಬಗ್ಗೆ ಇರುವ ಅಸಡ್ಡೆಯನ್ನು ಕಂಡರೆ ಖೇದವಾಗುತ್ತದೆ. ಜಾಲಹಳ್ಳಿ, ಪೀಣ್ಯ, ದಾಸರಹಳ್ಳಿಯ ಸುತ್ತಮುತ್ತ ಕಾರ್ಖಾನೆಯ ಪಾಳಿಗಳಿಗೆ ಹೊಂದಿಕೊಂಡು ಬದುಕುವ ನಮ್ಮ ಅನೇಕ ಕುಟುಂಬಗಳಲ್ಲಿ, ಹಲ್ಲುಜ್ಜುವಾಗ ರಕ್ತ ಬಂದರೆ ಅದು ಕೇವಲ ‘ಉಷ್ಣ’. ಹಲ್ಲು ಅಲುಗಾಡಿದರೆ ಅದು ವಯಸ್ಸಿನ ಗುಣ. ಇನ್ನೊಂದು ಕಡೆ, ಮಿಸ್ವಾಕ್ ಸಕಲ ರೋಗಗಳನ್ನೂ ನಿವಾರಿಸುತ್ತದೆಂಬ ಆಧಾರರಹಿತ ಸಂದೇಶಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿವೆ. ಒಂದು ಅಸಡ್ಡೆ, ಮತ್ತೊಂದು ಅತಿರೇಕ. ವಸಡಿನ ರೋಗದ ಇತಿಹಾಸವನ್ನು ಓದಿದರೆ, ಮನುಕುಲವು ಈ ಎರಡೂ ತಪ್ಪುಗಳಿಗೆ ಬೆಲೆ ತೆತ್ತಿರುವುದು ಕಂಡುಬರುತ್ತದೆ.

ಸ್ಪೇನ್‌ನ ಕೊರ್ಡೋಬಾದ ಬಳಿ ಜೀವಿಸಿದ್ದ ಅಬುಲ್ ಕಾಸಿಮ್ ಅಲ್-ಝಹ್ರಾವಿ(936–1013) ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ದೊಡ್ಡ ಹೆಸರು. 30 ಭಾಗಗಳ ಅವರ ‘ಅತ್ತಸ್ರೀಫ್’ ಗ್ರಂಥದ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲಾಗಿದೆ. ಹಲ್ಲಿನ ಬುಡದಲ್ಲಿ ಗಟ್ಟಿಯಾಗುವ ಕಲ್ಮಶವು ವಸಡನ್ನು ಕೆಡಿಸುತ್ತದೆಂಬುದನ್ನು ಅವರು ಅದರಲ್ಲಿ ಗುರುತಿಸಿದ್ದಾರೆ. ಅದನ್ನು ಕೆರೆದು ತೆಗೆಯುವ ಉಪಕರಣಗಳ ಚಿತ್ರಗಳನ್ನೂ ನೀಡಿದ್ದಾರೆ. ಒಂದು ದಿನದಲ್ಲಿ ಹಲ್ಲು ಶುದ್ಧವಾಗದಿದ್ದರೆ ಮರುದಿನವೂ ಅದರ ಮರುದಿನವೂ ಆ ಕೆಲಸವನ್ನು ಮುಂದುವರಿಸಬೇಕೆಂಬುದು ಅವರ ಸಲಹೆ. 12ನೇ ಶತಮಾನದಲ್ಲಿ ಈ ಭಾಗವು ಲ್ಯಾಟಿನ್ ಭಾಷೆಗೆ ಅನುವಾದಗೊಂಡು ಯುರೋಪಿನ ವೈದ್ಯರಿಗೂ ಪಾಠವಾಯಿತು. ‘ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ’ ಎಂದು ಇಂದಿಗೂ ದಂತವೈದ್ಯರಿಂದ ದೂರ ಉಳಿಯುವವರು, ಅದೇ ಚಿಕಿತ್ಸೆಯನ್ನು ಸಾವಿರ ವರ್ಷಗಳ ಹಿಂದೆ ಓರ್ವ ಮುಸ್ಲಿಮ್ ವೈದ್ಯರು ಬೋಧಿಸಿದ್ದರೆಂಬುದನ್ನು ಅರಿಯಬೇಕು. ಸಡಿಲಗೊಳಿಸುವುದು ಚಿಕಿತ್ಸೆಯಲ್ಲ, ರೋಗ. ಗಟ್ಟಿಯಾದ ಗಾರೆಯು ಹಲ್ಲಿಗೆ ಊರುಗೋಲಿನಂತೆ ನಿಂತಿರುವುದರಿಂದ ಅದನ್ನು ತೆಗೆದಾಗ ಒಳಗಿನ ಹಾನಿ ಹೊರಗೆ ಕಾಣಿಸುತ್ತದೆ, ಅಷ್ಟೇ.

ಆ ಕಲ್ಮಶದಲ್ಲಿ ಇರುವುದೇನು ಎಂಬುದನ್ನು ಅರಿಯಲು ಮತ್ತೂ ಏಳು ಶತಮಾನಗಳು ಬೇಕಾದವು. 1683ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲುಗಳ ನಡುವಿನ ಬಿಳಿಯ ಲೋಳೆಯನ್ನು ತಾನೇ ತಯಾರಿಸಿದ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಓಡಾಡುತ್ತಿದ್ದ ಅಸಂಖ್ಯ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಬಾಯಿಯ ಬ್ಯಾಕ್ಟೀರಿಯಾಗಳನ್ನು ಮಾನವನು ಕಣ್ಣಾರೆ ಕಂಡದ್ದು ಹೀಗೆ.

ಅನಂತರ ಅತಿರೇಕದ ಕಾಲ ಬಂತು. ಬರ್ಲಿನ್‌ನಲ್ಲಿ ಸಂಶೋಧನೆ ನಡೆಸಿದ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್ 1890–91ರಲ್ಲಿ, ಬಾಯಿಯ ರೋಗಾಣುಗಳು ದೇಹದ ಇತರ ಭಾಗಗಳಲ್ಲೂ ರೋಗಕ್ಕೆ ಕಾರಣವಾಗಬಲ್ಲವು ಎಂದು ಬರೆದರು. 1910ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಬ್ರಿಟಿಷ್ ವೈದ್ಯ ವಿಲಿಯಮ್ ಹಂಟರ್ ಮಾಡಿದ ಉಪನ್ಯಾಸದ ನಂತರ ಈ ವಿಚಾರವು ಅಲೆಯಾಗಿ ಹಬ್ಬಿತು. ಕೀಲುನೋವಿನಿಂದ ಮಾನಸಿಕ ಕಾಯಿಲೆಯವರೆಗೆ ಎಲ್ಲಕ್ಕೂ ಹಲ್ಲೇ ಕಾರಣವೆಂದು ತೀರ್ಮಾನಿಸಿ, ಅಪಾರ ಸಂಖ್ಯೆಯ ರೋಗಿಗಳ ಹಲ್ಲುಗಳನ್ನು ಕಿತ್ತುಹಾಕಲಾಯಿತು. ಹಲ್ಲು ಹೋಯಿತು, ರೋಗ ಉಳಿಯಿತು. ಕೆಲವು ದಶಕಗಳಲ್ಲಿ ವೈದ್ಯರು ಆ ವಾದವನ್ನು ಕೈಬಿಟ್ಟರು. ಆದರೆ ಆ ಭರದಲ್ಲಿ ಅದರೊಳಗಿದ್ದ ಸತ್ಯಾಂಶವೂ ಬಹುಕಾಲ ಮೂಲೆಗೆ ಸರಿಯಿತು.

ಇದೇ ಕಾಲದಲ್ಲಿ ಭಾರತದಲ್ಲಿ ದಂತವೈದ್ಯ ಶಿಕ್ಷಣಕ್ಕೆ ಅಡಿಪಾಯ ಹಾಕಿದವರು ಡಾ. ರಫೀಯುದ್ದೀನ್ ಅಹ್ಮದ್(1890–1965). ಪೂರ್ವ ಬಂಗಾಳದಲ್ಲಿ ಜನಿಸಿದ ಅವರು 1915ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದರು. ಬೋಸ್ಟನ್‌ನಲ್ಲಿ ಮಕ್ಕಳಿಗಾಗಿದ್ದ ಫೋರ್ಸಿತ್ ದಂತ ಚಿಕಿತ್ಸಾಲಯದಲ್ಲಿ ಸೇವೆ ಸಲ್ಲಿಸಿ ಸ್ವದೇಶಕ್ಕೆ ಮರಳಿದರು. 1920ರಲ್ಲಿ ಕಲ್ಕತ್ತಾದಲ್ಲಿ ಭಾರತದ ಪ್ರಥಮ ದಂತವೈದ್ಯಕೀಯ ಕಾಲೇಜನ್ನು ಸ್ಥಾಪಿಸಿ, 1949ರಲ್ಲಿ ಅದನ್ನು ಸರಕಾರಕ್ಕೆ ಒಪ್ಪಿಸಿದರು. 1964ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಬೆಂಗಳೂರಿನ ಸರಕಾರಿ ದಂತವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾಯಿತು.

ವಸಡಿನ ರೋಗಕ್ಕೆ ಕಾರಣವೇನೆಂಬುದು ಸಂಶಯಾತೀತವಾಗಿ ಸಾಬೀತಾದದ್ದು 1965ರಲ್ಲಿ. ಡೆನ್ಮಾರ್ಕ್‌ನಲ್ಲಿ ಹರಾಲ್ಡ್ ಲೋ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಆರೋಗ್ಯವಂತ ವಸಡಿನ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಹಲ್ಲುಜ್ಜಲಾರಂಭಿಸಿದಾಗ ಅದು ಗುಣವಾಯಿತು. ‘ಉಷ್ಣ’ ಎಂಬ ನಮ್ಮ ವಿವರಣೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ರೋಗಕ್ಕೆ ಕಾರಣ ಹಲ್ಲಿನ ಬುಡದಲ್ಲಿ ಉಳಿಯುವ ಲೋಳೆ. ಆರಂಭದಲ್ಲೇ ಎಚ್ಚೆತ್ತರೆ ಅದು ಪೂರ್ಣವಾಗಿ ಗುಣವಾಗುವಂಥದ್ದು.

ಎಚ್ಚೆತ್ತುಕೊಳ್ಳದಿದ್ದರೆ ವಸಡು ಹಲ್ಲಿನಿಂದ ಬೇರ್ಪಟ್ಟು ಸಂದು ಉಂಟಾಗುತ್ತದೆ. ಗಾಳಿಯಾಡದ ಆ ಸಂದಿನಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾಗಳು ನೆಲೆಯೂರುತ್ತವೆ. 1998ರಲ್ಲಿ ಫೋರ್ಸಿತ್ ಸಂಸ್ಥೆಯ ಸೊಕ್ರಾನ್‌ಸ್ಕಿ ಮತ್ತು ಸಹೋದ್ಯೋಗಿಗಳು ಇವುಗಳ ಪೈಕಿ ಮೂರನ್ನು ‘ಕೆಂಪು ಗುಂಪು’ ಎಂದು ವರ್ಗೀಕರಿಸಿದರು. ಅವುಗಳಲ್ಲೊಂದಾದ ಟ್ಯಾನೆರೆಲ್ಲಾ ಫೋರ್ಸಿತಿಯಾಕ್ಕೆ ಅದೇ ಸಂಸ್ಥೆಯ ಹೆಸರಿದೆ. ಡಾ. ರಫೀಯುದ್ದೀನ್ ಅಹ್ಮದ್ ಯೌವನದಲ್ಲಿ ದುಡಿದಿದ್ದು ಅಲ್ಲಿಯೇ. ಇನ್ನೊಂದು, ಪೋರ್ಫಿರೋಮೊನಾಸ್ ಜಿಂಜಿವಾಲಿಸ್. ಇದಕ್ಕೆ ಬೆಳೆಯಲು ರಕ್ತದಲ್ಲಿರುವ ಕಬ್ಬಿಣಾಂಶ ಬೇಕು. ಇದು ಸ್ರವಿಸುವ ಕಿಣ್ವಗಳು ವಸಡಿನ ಪ್ರೋಟೀನುಗಳನ್ನು ಒಡೆಯುತ್ತವೆ, ದೇಹದ ರಕ್ಷಣಾ ವ್ಯವಸ್ಥೆಯನ್ನು ದಾರಿ ತಪ್ಪಿಸುತ್ತವೆ. ಅರ್ಥಾತ್, ವಸಡಿನಿಂದ ಒಸರುವ ರಕ್ತವೇ ರೋಗಾಣುವಿಗೆ ಆಹಾರ. ಅದರೊಡನೆ ಹೋರಾಡುವ ಭರದಲ್ಲಿ ನಮ್ಮದೇ ದೇಹವು ಹಲ್ಲನ್ನು ಹಿಡಿದಿರುವ ಮೂಳೆಯನ್ನು ಕರಗಿಸಿಕೊಳ್ಳುತ್ತದೆ. ಇದರಲ್ಲಿ ನೋವು ತೀರಾ ಕಡಿಮೆ. ಆದ್ದರಿಂದಲೇ ನಾವು ನಿರ್ಲಕ್ಷಿಸುತ್ತೇವೆ.

ಇದರ ಪರಿಣಾಮ ಬಾಯಿಗೆ ಸೀಮಿತವೇ? ಅಲ್ಲ. ರೋಗ ಬಲಿತ ವಸಡಿನ ಮೂಲಕ, ಅನ್ನವನ್ನು ಅಗಿಯುವಾಗಲೂ ಬ್ಯಾಕ್ಟೀರಿಯಾಗಳು ರಕ್ತವನ್ನು ಸೇರಬಲ್ಲವು. ಹೃದಯದ ಕವಾಟಗಳಲ್ಲಿ ದೋಷವಿರುವವರಿಗೆ ಇದು ಗಂಭೀರ ಸೋಂಕನ್ನು ತರಬಹುದು. ಸಕ್ಕರೆ ಕಾಯಿಲೆಯೊಂದಿಗಿನ ನಂಟು ಎರಡೂ ಕಡೆಯಿಂದ ಇದೆ. ಸಕ್ಕರೆ ಹೆಚ್ಚಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆಯನ್ನು ಹತೋಟಿಗೆ ತರುವುದು ಕಷ್ಟವಾಗುತ್ತದೆ. ವಸಡಿಗೆ ಚಿಕಿತ್ಸೆ ಮಾಡಿದಾಗ ಸಕ್ಕರೆಯ ಪ್ರಮಾಣ ಸ್ವಲ್ಪ ಇಳಿಯುವುದು ಅಧ್ಯಯನಗಳಲ್ಲಿ ಕಂಡುಬಂದಿದೆ.

ಆದರೆ ಹಂಟರ್ ಕಾಲದ ಪಾಠವನ್ನು ಮರೆಯುವಂತಿಲ್ಲ. ಕೆಟ್ಟ ಹಲ್ಲುಗಳಿಗೂ ಹೃದಯಾಘಾತಕ್ಕೂ ಇರುವ ನಂಟನ್ನು 1989ರಲ್ಲಿ ಫಿನ್‌ಲ್ಯಾಂಡಿನ ಸಂಶೋಧಕರು ವರದಿ ಮಾಡಿದರು. ಅದು ಜೊತೆಜೊತೆಗೆ ಕಾಣುವ ನಂಟು ಹೌದು, ಒಂದರಿಂದ ಇನ್ನೊಂದು ಬರುತ್ತದೆಂಬುದಕ್ಕೆ ಪುರಾವೆ ಸಾಲದು ಎಂದು ಅಮೆರಿಕದ ಹೃದ್ರೋಗ ತಜ್ಞರ ಸಂಘವು 2012ರಲ್ಲಿ ಸ್ಪಷ್ಟಪಡಿಸಿತು. ಗರ್ಭಿಣಿಯರ ವಸಡಿಗೆ ಚಿಕಿತ್ಸೆ ನೀಡುವುದು ಸುರಕ್ಷಿತ, ಆದರೆ ಅದರಿಂದ ಅವಧಿಪೂರ್ವ ಹೆರಿಗೆ ಕಡಿಮೆಯಾಗಲಿಲ್ಲ ಎಂದು 2006ರ ದೊಡ್ಡ ಅಧ್ಯಯನವೊಂದು ತಿಳಿಸಿತು. 2019ರಲ್ಲಿ ಮರೆವಿನ ಕಾಯಿಲೆಯಿದ್ದವರ ಮೆದುಳಿನಲ್ಲಿ ಜಿಂಜಿವಾಲಿಸ್‌ನ ಕುರುಹು ಸಿಕ್ಕಿದ್ದು ದೊಡ್ಡ ಸುದ್ದಿಯಾಯಿತು, ಅದನ್ನು ಗುರಿಯಾಗಿಸಿದ ಔಷಧವು ಪ್ರಯೋಗದಲ್ಲಿ ತನ್ನ ಮುಖ್ಯ ಉದ್ದೇಶವನ್ನು ಸಾಧಿಸಲಿಲ್ಲ.

ಮಿಸ್ವಾಕ್‌ನ ವಿಷಯದಲ್ಲೂ ಇದೇ ನ್ಯಾಯ ಅನ್ವಯಿಸುತ್ತದೆ. ಅದರಿಂದ ಲೋಳೆ ಕಡಿಮೆಯಾಗುವುದು ಅಧ್ಯಯನಗಳಲ್ಲಿ ದೃಢಪಟ್ಟಿದೆ. 1980ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದರ ಬಳಕೆಯನ್ನು ಪ್ರೋತ್ಸಾಹಿಸಿತು. ಆದರೆ ಗಟ್ಟಿಯಾದ ಗಾರೆಯನ್ನು ಅದು ತೆಗೆಯಲಾರದು. ಒರಟಾಗಿ ಉಜ್ಜಿದರೆ ವಸಡು ಸವೆಯುತ್ತದೆ. ಸುನ್ನತ್‌ನ ಹಿರಿಮೆಗೆ ನಮ್ಮ ಉತ್ಪ್ರೇಕ್ಷೆಯ ಅಗತ್ಯವಿಲ್ಲ. ಪರಿಶೀಲಿಸದ ಸಂದೇಶವನ್ನು ಹಂಚುವುದು ಪುಣ್ಯಕಾರ್ಯವೂ ಅಲ್ಲ.

ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ರಕ್ತ ಬಂದು ವುಝೂ ಮುರಿಯುತ್ತದೆಂಬ ಭಯದಿಂದ ಕೆಲವರು ನಮಾಝ್‌ನ ಹೊತ್ತಿಗೆ ಮಿಸ್ವಾಕ್ ಹಾಗೂ ಬ್ರಷ್‌ಗಳನ್ನೇ ತ್ಯಜಿಸುತ್ತಾರೆ. ಹನಫಿ ಮದ್‌ಹಬ್‌ನಲ್ಲಿ ರಕ್ತವು ಉಗುಳಿಗೆ ಸಮನಾಗಿ ಅಥವಾ ಅಧಿಕವಾಗಿದ್ದರೆ ಮಾತ್ರ ವುಝೂ ಮುರಿಯುತ್ತದೆ. ಶಾಫಿಈ ಮದ್‌ಹಬ್‌ನಲ್ಲಿ ಅದರಿಂದ ವುಝೂ ಮುರಿಯುವುದಿಲ್ಲ. ವಿವರಗಳನ್ನು ತಮ್ಮ ಊರಿನ ಆಲಿಮ್‌ರಿಂದ ಕೇಳಿ ತಿಳಿಯಬೇಕು. ಆದರೆ ಉಜ್ಜುವುದನ್ನು ಬಿಟ್ಟಷ್ಟೂ ಲೋಳೆ ಹೆಚ್ಚುತ್ತದೆ, ಲೋಳೆ ಹೆಚ್ಚಿದಷ್ಟೂ ರಕ್ತ ಹೆಚ್ಚುತ್ತದೆ. ವುಝೂವನ್ನು ಕಾಪಾಡುವ ನಿಜವಾದ ಮಾರ್ಗವೆಂದರೆ ವಸಡನ್ನು ಗುಣಪಡಿಸಿಕೊಳ್ಳುವುದು.

ಆದ್ದರಿಂದ ದಿನಕ್ಕೆರಡು ಬಾರಿ ಮೃದುವಾದ ಬ್ರಷ್‌ನಿಂದ ವಸಡಿನ ಅಂಚಿನವರೆಗೆ ಉಜ್ಜಬೇಕು. ರಮಝಾನ್‌ನಲ್ಲಿ ಸಹರಿಯ ನಂತರವೂ ರಾತ್ರಿ ಮಲಗುವ ಮುನ್ನವೂ ಇದನ್ನು ತಪ್ಪಿಸಬಾರದು. ತಂಬಾಕನ್ನು ಪೂರ್ಣವಾಗಿ ತೊರೆಯಬೇಕು. ಧೂಮಪಾನವು ರಕ್ತಸ್ರಾವವನ್ನು ತಗ್ಗಿಸಿ ರೋಗವನ್ನು ಮರೆಮಾಚುತ್ತದೆ. ಎರಡು ವಾರ ಸರಿಯಾಗಿ ಉಜ್ಜಿದ ಬಳಿಕವೂ ರಕ್ತ ನಿಲ್ಲದಿದ್ದರೆ ದಂತವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆಯಿರುವ ತಾಯಿ ತಂದೆಯರನ್ನಂತೂ ತಡಮಾಡದೆ ಕರೆದೊಯ್ಯಬೇಕು. ಖಾಸಗಿ ಚಿಕಿತ್ಸೆಗೆ ಶಕ್ತಿಯಿಲ್ಲದವರು ಜಾಲಹಳ್ಳಿ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ನೇರವಾಗಿ ಕೆ.ಆರ್. ಮಾರುಕಟ್ಟೆಗೆ ತಲುಪಬಹುದು. ವಿಕ್ಟೋರಿಯಾ ಆಸ್ಪತ್ರೆಯ ಬಳಿಯ ಸರಕಾರಿ ದಂತವೈದ್ಯಕೀಯ ಕಾಲೇಜು ಅಲ್ಲಿಂದ ದೂರವಿಲ್ಲ.

ಆರೋಗ್ಯವು ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್ತು. ಜ್ಞಾನವೂ ಅಮಾನತ್ತೇ. ಮೊದಲನೆಯದನ್ನು ಅಸಡ್ಡೆಯಿಂದಲೂ ಎರಡನೆಯದನ್ನು ಅತಿರೇಕದಿಂದಲೂ ರಕ್ಷಿಸುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.