ಮಡಿಕೆಗೆ ಮುಂಚಿನ ನಿರ್ಬಂಧ: ರಾಮಚಂದ್ರನ್ ನಕ್ಷೆಯ ಒಂದು ಮರುಓದು

ಪ್ರೊಟೀನುಗಳ ರಚನೆಯನ್ನು ಕುರಿತ ಪಠ್ಯಗಳಲ್ಲಿ ರಾಮಚಂದ್ರನ್ ನಕ್ಷೆಗೆ ಸಾಮಾನ್ಯವಾಗಿ ಲೆಕ್ಕತಪಾಸಿಗನ ಸ್ಥಾನ ಸಿಗುತ್ತದೆ. ಎಕ್ಸ್-ಕಿರಣ ವಿವರ್ತನೆಯಿಂದಲೋ ಎನ್‌ಎಂಆರ್‌ನಿಂದಲೋ ಬಿಡಿಸಿದ ರಚನೆಯಲ್ಲಿ ದೋಷವಿದೆಯೇ ಎಂದು ಕೊನೆಗೆ ನೋಡುವ ಚಿತ್ರ ಅದು. ಈ ಬಳಕೆ ನ್ಯಾಯವಾದದ್ದೇ. ಆದರೆ ಆ ನಕ್ಷೆಯ ದೊಡ್ಡ ಮಾತು ಇರುವುದು ಮಡಿಚಿಕೊಂಡ ಪ್ರೊಟೀನಿನ ಬಗ್ಗೆಯಲ್ಲ, ಇನ್ನೂ ಮಡಿಚಿಕೊಳ್ಳದ ಸರಪಳಿಯ ಬಗ್ಗೆ ಎಂಬುದು ಈ ಲೇಖನದ ವಾದ.

ನಕ್ಷೆ ಹುಟ್ಟಿದ್ದು ಒಂದು ಆಕ್ಷೇಪಣೆಯಿಂದ. ಮದರಾಸು ವಿಶ್ವವಿದ್ಯಾಲಯದಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ 1954–55ರಲ್ಲಿ ಕೊಲ್ಲಾಜನ್‌ಗೆ ಮೂರೆಳೆಯ ಸುರುಳಿಯ ಮಾದರಿಯನ್ನು ಮಂಡಿಸಿದರು. ಸರಪಳಿಯ ಪ್ರತಿ ಮೂರು ಅಮೈನೊ ಆಮ್ಲ ಘಟಕಗಳಿಗೆ ಎರಡು ಹೈಡ್ರೋಜನ್ ಬಂಧಗಳಿವೆ ಎಂದರು. ರಿಚ್ ಮತ್ತು ಕ್ರಿಕ್ ಅದನ್ನು ತಿದ್ದಿ ಒಂದೇ ಬಂಧ ಸಾಧ್ಯವೆಂದರು; ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಪರಸ್ಪರ ತೀರ ಹತ್ತಿರ ಬಂದಿವೆ ಎಂಬುದು ಅವರ ತಕರಾರು. ಹಾಗಾದರೆ ಎಷ್ಟು ಹತ್ತಿರ ಬಂದರೆ ‘ತೀರ ಹತ್ತಿರ’? ಇದಕ್ಕೆ ಒಪ್ಪಿತವಾದ ಅಳತೆ ಆಗ ಇರಲಿಲ್ಲ. ರಾಮಚಂದ್ರನ್ ಬಳಗ ಅದುವರೆಗೆ ಪ್ರಕಟವಾಗಿದ್ದ ಸಣ್ಣ ಅಣುಗಳ ಹರಳು ರಚನೆಗಳನ್ನು ಜಾಲಾಡಿ ಕನಿಷ್ಠ ಅಂತರಗಳ ಪಟ್ಟಿ ಮಾಡಿತು: ಎರಡು ಇಂಗಾಲಗಳ ನಡುವೆ ಸಾಮಾನ್ಯ ಮಿತಿ 3.2 ಆಂಗ್‌ಸ್ಟ್ರಾಂ, ಕಟ್ಟಕಡೆಯ ಮಿತಿ 3.0, ಎರಡು ಹೈಡ್ರೋಜನ್‌ಗಳ ನಡುವೆ 2.0 ಮತ್ತು 1.9. ವಾದದ ಮೂಲ ವಿಷಯವಾದ ಕೊಲ್ಲಾಜನ್‌ಗಿಂತ ಈ ಪಟ್ಟಿಯೇ ಹೆಚ್ಚು ದೂರ ನಡೆಯಿತು.

ಪೆಪ್ಟೈಡ್ ಬಂಧಕ್ಕೆ ಅರೆ ದ್ವಿಬಂಧದ ಗುಣವಿರುವುದರಿಂದ ಅದು ಸಮತಲದಲ್ಲಿ ಬಿಗಿದುಕೊಂಡಿರುತ್ತದೆ. ಬೆನ್ನೆಲುಬಿನಲ್ಲಿ ತಿರುಗಲು ಉಳಿಯುವುದು ಆಲ್ಫಾ ಇಂಗಾಲದ ಎರಡು ಬದಿಯ ಬಂಧಗಳು ಮಾತ್ರ. ಆ ತಿರುಚುಗಳೇ ಫೈ ಮತ್ತು ಸೈ ಕೋನಗಳು. ರಾಮಚಂದ್ರನ್, ರಾಮಕೃಷ್ಣನ್ ಮತ್ತು ಶಶಿಶೇಖರನ್ 1963ರಲ್ಲಿ ಈ ಎರಡು ಕೋನಗಳ ಚೌಕದಲ್ಲಿ ಎಲ್ಲೆಲ್ಲಿ ಪರಮಾಣುಗಳು ಡಿಕ್ಕಿಯಾಗುತ್ತವೆ ಎಂದು ಗುರುತಿಸಿದರು. ಅಲನೀನ್‌ನಂಥ ಘಟಕಕ್ಕೆ ಚೌಕದ ಸುಮಾರು ಮುಕ್ಕಾಲು ಪಾಲು ನಿಷಿದ್ಧ. ಪಾಲಿಂಗ್‌ರ ಆಲ್ಫಾ ಸುರುಳಿ, ಬೀಟಾ ಎಳೆ ಎರಡೂ ಉಳಿದ ದ್ವೀಪಗಳಲ್ಲೇ ಬಿದ್ದವು. ಪಕ್ಕಸರಪಳಿಯ ಜಾಗದಲ್ಲಿ ಬರೀ ಹೈಡ್ರೋಜನ್ ಇರುವ ಗ್ಲೈಸೀನ್‌ಗೆ ಬಹಳ ಹೆಚ್ಚು ಸ್ವಾತಂತ್ರ್ಯ. ಪ್ರೋಲೀನ್‌ನ ಉಂಗುರವೋ ಫೈ ಕೋನವನ್ನು −65 ಡಿಗ್ರಿಯ ಆಸುಪಾಸಿನಲ್ಲಿ ಕಟ್ಟಿಹಾಕುತ್ತದೆ.

ಇಲ್ಲಿ ಯಾವ ಆಕರ್ಷಣ ಬಲದ ಪ್ರಸ್ತಾಪವೂ ಇಲ್ಲ ಎಂಬುದನ್ನು ಗಮನಿಸಬೇಕು. ನಕ್ಷೆ ಹೇಳುವುದು ಏನಾಗದು ಎಂಬುದನ್ನಷ್ಟೆ. ಆದರೂ ಅದರಿಂದ ಸ್ಥಿರತೆಯ ಲೆಕ್ಕ ಬದಲಾಗುತ್ತದೆ. ಪ್ರೊಟೀನು ಮಡಿಚಿಕೊಳ್ಳುವಾಗ ಬಿಚ್ಚಿದ ಸರಪಳಿಯ ಎಂಟ್ರೊಪಿಯನ್ನು ಕಳೆದುಕೊಳ್ಳಬೇಕು. ಬಿಚ್ಚಿದ ಸ್ಥಿತಿಯಲ್ಲೇ ಸ್ವಾತಂತ್ರ್ಯ ಕಡಿಮೆಯಿದ್ದರೆ ಕಳೆದುಕೊಳ್ಳುವುದೂ ಕಡಿಮೆ. 1987ರಲ್ಲಿ ಬ್ರಯನ್ ಮ್ಯಾಥ್ಯೂಸ್ ಮತ್ತು ಸಂಗಡಿಗರು ಇದನ್ನು ನೇರವಾಗಿ ಪರೀಕ್ಷಿಸಿದರು. ಟಿ4 ವೈರಸ್ಸಿನ ಲೈಸೋಜೈಮ್‌ನಲ್ಲಿ 77ನೆಯ ಗ್ಲೈಸೀನ್ ತೆಗೆದು ಅಲನೀನ್ ಇಟ್ಟರು. ಬೇರೊಂದು ರೂಪಾಂತರದಲ್ಲಿ 82ನೆಯ ಅಲನೀನ್ ಜಾಗಕ್ಕೆ ಪ್ರೋಲೀನ್ ತಂದರು. ಎರಡೂ ಬದಲಾವಣೆ ಕಿಣ್ವವನ್ನು ಶಾಖಕ್ಕೆ ಹೆಚ್ಚು ಗಟ್ಟಿಯಾಗಿಸಿದವು. ಲಾಭ ಒಂದು ಕಿಲೋಕ್ಯಾಲರಿಯ ಆಸುಪಾಸು. ಪ್ರೊಟೀನುಗಳ ಒಟ್ಟು ಸ್ಥಿರತೆಯೇ ಸಾಮಾನ್ಯವಾಗಿ 5–15 ಕಿಲೋಕ್ಯಾಲರಿ ಇರುವಾಗ ಇದು ಚಿಲ್ಲರೆ ಮೊತ್ತವಲ್ಲ.

ನಕ್ಷೆಯ ಅಭಿಮಾನಿಗಳು ಒಂದು ಕಡೆ ಅತಿಯಾಗಿ ಮಾತಾಡುತ್ತಾರೆ. ಲೆವಿಂತಾಲ್ 1969ರಲ್ಲಿ ಎತ್ತಿದ ಒಗಟನ್ನು, ಅಂದರೆ ಅಸಂಖ್ಯ ಆಕಾರಗಳಲ್ಲಿ ಸರಿಯಾದುದನ್ನು ಸರಪಳಿ ಕ್ಷಣಮಾತ್ರದಲ್ಲಿ ಹೇಗೆ ಹುಡುಕುತ್ತದೆ ಎಂಬುದನ್ನು, ನಕ್ಷೆ ಬಿಡಿಸಿಬಿಡುತ್ತದೆ ಎಂಬ ಮಾತು ಕೇಳಿಬರುತ್ತದೆ. ಪಠ್ಯಗಳು ಘಟಕವೊಂದಕ್ಕೆ ಮೂರು ಸ್ಥಿತಿ ಎಂದು ಹಿಡಿದು ನೂರು ಘಟಕಗಳಿಗೆ 3ರ ನೂರನೆಯ ಘಾತ, ಅಂದರೆ ಸುಮಾರು 5×10^47 ಆಕಾರಗಳು ಎನ್ನುತ್ತವೆ. ಆ ‘ಮೂರು’ ಬಂದದ್ದೇ ನಕ್ಷೆಯ ದ್ವೀಪಗಳಿಂದ. ಹಾಗಾಗಿ ಅದೇ ನಕ್ಷೆಯನ್ನು ಪರಿಹಾರವೆನ್ನುವುದು ಒಂದೇ ಜಮೆಯನ್ನು ಎರಡು ಸಲ ಬರೆದುಕೊಂಡಂತೆ.

ಲೆಕ್ಕ ನಿಜಕ್ಕೂ ಕುಗ್ಗುವುದು ನೆರೆಹೊರೆಯಿಂದ. ಪ್ರತಿ ಘಟಕದ ಕೋನಗಳು ನೆರೆಯ ಘಟಕಗಳ ಕೋನಗಳಿಂದ ಸ್ವತಂತ್ರ ಎಂದು ಫ್ಲೋರಿ ಊಹಿಸಿದ್ದರು. ಪಪ್ಪು, ಶ್ರೀನಿವಾಸನ್ ಮತ್ತು ರೋಸ್ 2000ದಲ್ಲಿ ಅಲನೀನ್‌ನ ಕಿರು ಸರಪಳಿಗಳನ್ನು ಲೆಕ್ಕಹಾಕಿ, ಈ ಊಹೆ ಪಾಲಿಪೆಪ್ಟೈಡ್‌ಗಳಿಗೆ ನಿಲ್ಲದೆಂದು ತೋರಿಸಿದರು. ಒಂದೊಂದು ಘಟಕಕ್ಕೂ ಬಿಡಿಯಾಗಿ ಒಪ್ಪಿತವಾದ ಕೋನಗಳು ಒಟ್ಟಾಗಿ ಬಂದಾಗ ದೂರದ ಪರಮಾಣುಗಳು ಡಿಕ್ಕಿ ಹೊಡೆಯಬಹುದು. ನಾಲ್ಕು ವರ್ಷಗಳ ನಂತರ ಫಿಟ್ಸ್‌ಕೀ ಮತ್ತು ರೋಸ್ ಇದರ ಒಂದು ಸೊಗಸಾದ ಫಲಿತವನ್ನು ಮುಂದಿಟ್ಟರು: ಆಲ್ಫಾ ಸುರುಳಿಯ ಬೆನ್ನಿಗೇ, ನಡುವೆ ಕೊಂಡಿಯಿಲ್ಲದೆ, ಬೀಟಾ ಎಳೆ ಬರಲಾರದು. ಇದು ನನಗೆ ನಕ್ಷೆಯ ನಿಜವಾದ ಮುಂದುವರಿಕೆಯಾಗಿ ಕಾಣುತ್ತದೆ. ವಿಧಾನ ಅದೇ ಡಿಕ್ಕಿಯ ಲೆಕ್ಕ, ವ್ಯಾಪ್ತಿ ಮಾತ್ರ ಹಿರಿದು. ಆದರೂ ಒಪ್ಪಿತ ಆಕಾರಗಳಲ್ಲಿ ಯಾವುದು ಗೆಲ್ಲುತ್ತದೆ ಎಂದು ಡಿಕ್ಕಿಗಳು ಹೇಳಲಾರವು. ಅದಕ್ಕೆ ನೀರು, ಜಲವಿಮುಖ ಪಕ್ಕಸರಪಳಿಗಳು, ಹೈಡ್ರೋಜನ್ ಬಂಧಗಳು ಬೇಕು.

ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕಟ್ಟಿದ ಅಣು ಜೀವಭೌತವಿಜ್ಞಾನ ಘಟಕದಲ್ಲಿ ಈ ನಿಷೇಧವೇ ರಚನೆಯ ಸಾಧನವೂ ಆಯಿತು. ಪಿ. ಬಲರಾಮ್ ಮತ್ತು ಸಹೋದ್ಯೋಗಿಗಳು ಆಲ್ಫಾ-ಅಮೈನೊ-ಐಸೊಬ್ಯುಟಿರಿಕ್ ಆಮ್ಲವನ್ನು ಪೆಪ್ಟೈಡ್‌ಗಳಲ್ಲಿ ಪೋಣಿಸಿದರು. ಇದರ ಆಲ್ಫಾ ಇಂಗಾಲದಲ್ಲಿ ಎರಡು ಮೀಥೈಲ್ ಗುಂಪುಗಳಿವೆ; ಕೋನಗಳು ±60 ಮತ್ತು ±30 ಡಿಗ್ರಿಯ ಸುತ್ತ ಸಿಕ್ಕಿಕೊಳ್ಳುವುದರಿಂದ ಕೆಲವೇ ಘಟಕಗಳ ಪೆಪ್ಟೈಡ್ ಕೂಡ ಸುರುಳಿಯಾಗುತ್ತದೆ. ಕೈರಲ್ ಅಲ್ಲದ ಈ ಆಮ್ಲಕ್ಕೆ ಎಡಸುರುಳಿಯೂ ಬಲಸುರುಳಿಯೂ ಸಮಾನ. ಸಾಮಾನ್ಯವಾಗಿ ಅದನ್ನು ಬಲಕ್ಕೆ ತಿರುಗಿಸುವುದು ಸರಪಳಿಯಲ್ಲಿ ಜೊತೆಗಿರುವ ಎಲ್-ಅಮೈನೊ ಆಮ್ಲಗಳು.