ಲಾಂಛನದಲ್ಲೇ ಶುರುವಾಗುವ ಭಯ

1931ರ ‘ಡ್ರಾಕುಲಾ’ ಆರಂಭವಾಗುವುದು ಭೂಗೋಳವನ್ನು ಸುತ್ತುವ ಪುಟ್ಟ ವಿಮಾನದಿಂದ. ಅದು ಯೂನಿವರ್ಸಲ್ ಸಂಸ್ಥೆಯ ಲಾಂಛನ. ಆಗ ಅವರ ಹಾಸ್ಯಚಿತ್ರಗಳಿಗೂ ಅದೇ ವಿಮಾನ. ಅದೇ ವರ್ಷದ ‘ಫ್ರಾಂಕೆನ್‌ಸ್ಟೈನ್’ನಲ್ಲಿ ನಟ ಎಡ್ವರ್ಡ್ ವ್ಯಾನ್ ಸ್ಲೋನ್ ಪರದೆ ಸರಿಸಿ ಬಂದು, ಮುಂದೆ ಭಯಾನಕವಾದದ್ದು ಇದೆ ಎಂದು ಎಚ್ಚರಿಸುತ್ತಾನೆ. ಲಾಂಛನ ಮಾಡದ ಕೆಲಸಕ್ಕೆ ಒಬ್ಬ ಮನುಷ್ಯ ಬೇಕಾಯಿತು ಎಂದೇ ನಾನು ಅದನ್ನು ಓದಿಕೊಳ್ಳುತ್ತೇನೆ.

1960ರ ‘ಸೈಕೋ’ದಲ್ಲಿ ಪ್ಯಾರಾಮೌಂಟ್‌ನ ಪರ್ವತದ ಮೇಲೆ ಅಡ್ಡಗೆರೆಗಳು ಹಾದುಹೋಗುತ್ತವೆ. ಮರುಕ್ಷಣವೇ ಸಾಲ್ ಬಾಸ್ ರೂಪಿಸಿದ ಶೀರ್ಷಿಕೆಗಳೂ ಗೆರೆಗಳಾಗಿ ಒಡೆಯುತ್ತವೆ. ಕಂಪನಿಯ ಮುದ್ರೆಯೇ ಕಥೆಯ ಕೈಗೆ ಸಿಕ್ಕಂತೆ!

ಆದರೆ ನನ್ನನ್ನು ಹೆಚ್ಚು ಕಾಡುವುದು 1992ರ ‘ಏಲಿಯನ್ 3’. ಫಾಕ್ಸ್‌ನ ಕಹಳೆಯ ರಾಗ ಆಲ್ಫ್ರೆಡ್ ನ್ಯೂಮನ್ 1933ರಲ್ಲಿ ಬರೆದದ್ದು. ತಲೆಮಾರುಗಳ ಕಿವಿಗೆ ಅದು ಎಲ್ಲಿ ಮುಗಿಯುತ್ತದೆಂದು ಗೊತ್ತು. ಇಲ್ಲಿ ಅದು ಮುಗಿಯುವುದೇ ಇಲ್ಲ. ಕೊನೆಯ ಸ್ವರಕ್ಕೆ ಒಂದು ಹೆಜ್ಜೆ ಮೊದಲು ನಿಂತು, ಎಳೆದುಕೊಳ್ಳುತ್ತಾ ಎಲಿಯಟ್ ಗೋಲ್ಡೆಂಥಾಲ್‌ನ ಅಪಸ್ವರದೊಳಕ್ಕೆ ಜಾರುತ್ತದೆ. ಕೇಳುಗನ ಕಿವಿ ಮಾತ್ರ ಆ ಬಾರದ ಸ್ವರಕ್ಕಾಗಿ ಕಾಯುತ್ತಲೇ ಇರುತ್ತದೆ. ಲಾಂಛನವೆಂದರೆ ಕಥೆಯ ಹೊರಗಿನ ಜಾಗ, ಅಲ್ಲಿ ನಾವಿನ್ನೂ ಟಿಕೆಟ್ ಕೊಂಡ ಪ್ರೇಕ್ಷಕರು. ಅಲ್ಲೇ ಕೈಹಾಕಿದರೆ ಕುರ್ಚಿಯೂ ಸುರಕ್ಷಿತವಲ್ಲ. (ಇಂಥದನ್ನು ಪದೇ ಪದೇ ಮಾಡಿದರೆ ಬರೀ ಗಿಮಿಕ್ ಆಗುತ್ತದೆ, ಅದು ಬೇರೆ ಮಾತು.)

1986ರ ‘ಏಲಿಯನ್ಸ್’ ಮುಗಿದಾಗ ನ್ಯೂಟ್ ಎಂಬ ಪುಟ್ಟ ಹುಡುಗಿ ಬದುಕುಳಿದಿದ್ದಳು. ಆ ಮುರಿದ ಕಹಳೆಯ ನಂತರ, ಶೀರ್ಷಿಕೆಗಳು ಮುಗಿಯುವುದರೊಳಗೆ ಅವಳ ಸಾವು ನಿಶ್ಚಯವಾಗಿರುತ್ತದೆ.