ನೀರಿನ ಮೇಲೆ ನಿಂತವರು

ಮನುಷ್ಯನು ನೀರಿನ ಮೇಲೆ ತೇಲಲು ಕಲಿತದ್ದು ಬಹು ಪುರಾತನ ಕಾಲದಲ್ಲಿ. ಹರಿಗೋಲು, ತೆಪ್ಪ, ದೋಣಿ ಇವು ನಮ್ಮ ನಾಡಿಗೆ ಹೊಸವಲ್ಲ. ದೇವರನ್ನೇ ತೆಪ್ಪದಲ್ಲಿ ಕೂರಿಸಿ ಕೆರೆ ಸುತ್ತಿಸಿ ಕಣ್ತುಂಬ ನೋಡಿದ ಜನ ನಾವು. ಆದರೆ ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು, ಕೈಯಲ್ಲಿ ಹಗ್ಗ ಹಿಡಿದು, ಓಡುವ ಮೋಟಾರು ದೋಣಿಯ ಹಿಂದೆ ನೀರಿನ ಮೇಲೆ ನೆಟ್ಟಗೆ ನಿಂತು ಜಾರುವ ಆಟಕ್ಕೆ ನೂರು ವರ್ಷ ತುಂಬಿ ಇನ್ನೂ ಹೆಚ್ಚು ಕಾಲವಾಗಿಲ್ಲ. ಇಂಗ್ಲಿಷಿನಲ್ಲಿ ಇದನ್ನು ವಾಟರ್ ಸ್ಕೀಯಿಂಗ್ ಎನ್ನುತ್ತಾರೆ. ‘ಸ್ಕೀ’ ಎಂಬ ಮಾತು ನಾರ್ವೆಯ ಕಡೆಯದು. ಸೀಳಿದ ಮರದ ತುಂಡು ಎಂಬುದು ಅದರ ಮೂಲಾರ್ಥ. ಕನ್ನಡದಲ್ಲಿ ನಾವು ಇದನ್ನು ನೀರುಜಾರಾಟ ಎಂದು ಕರೆದರೆ ತಪ್ಪಾಗಲಾರದು.

ಬೆಂಗಳೂರಿನ ಅಂಚಿನಲ್ಲಿರುವ ನಮಗೂ ಈ ಆಟಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವಿದೆ. ಅದನ್ನು ಹೇಳುವ ಮೊದಲು ಆಟದ ಹುಟ್ಟನ್ನು ನೋಡೋಣ.

ಅಮೆರಿಕಾ ದೇಶದ ಮಿನ್ನೆಸೋಟಾ ಪ್ರಾಂತದಲ್ಲಿ ಲೇಕ್ ಸಿಟಿ ಎಂಬುದೊಂದು ಚಿಕ್ಕ ಊರು. ಅದರ ಮಗ್ಗುಲಲ್ಲೇ ಪೆಪಿನ್ ಎಂಬ ಸರೋವರ. 1922ನೆಯ ಇಸವಿಯ ಬೇಸಿಗೆಯಲ್ಲಿ ಆ ಊರಿನ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಎಂಬ ಹದಿನೆಂಟರ ಹುಡುಗನಿಗೆ, ಹಿಮದ ಮೇಲೆ ಜಾರುವುದಾದರೆ ನೀರಿನ ಮೇಲೇಕೆ ಜಾರಬಾರದು ಎಂಬ ಯೋಚನೆ ಬಂದಿತು. ಪೀಪಾಯಿಯ ಪಟ್ಟಿಗಳನ್ನು ಕಾಲಿಗೆ ಕಟ್ಟಿ ನೋಡಿದ, ಮುಳುಗಿದ. ಹಿಮದ ಸ್ಕೀಗಳನ್ನೇ ಕಟ್ಟಿ ನೋಡಿದ, ಮತ್ತೆ ಮುಳುಗಿದ. ಕಡೆಗೆ ಎಂಟಡಿ ಉದ್ದ, ಒಂಬತ್ತು ಅಂಗುಲ ಅಗಲದ ಎರಡು ಪೈನ್ ಹಲಗೆಗಳನ್ನು ತಂದು, ಅವುಗಳ ತುದಿಯನ್ನು ತಾಯಿಯ ಹಂಡೆಯ ಕುದಿನೀರಿನಲ್ಲಿ ಬೇಯಿಸಿ, ಮೇಲಕ್ಕೆ ಬಾಗಿಸಿ, ನಡುವೆ ಚರ್ಮದ ಪಟ್ಟಿ ಹೊಡೆದ. ಅಣ್ಣ ಬೆನ್ ದೋಣಿ ನಡೆಸಿದ. ಹಲವು ದಿನಗಳ ಮುಳುಗಾಟದ ಬಳಿಕ, ಜುಲೈ 2ರಂದು, ಹಲಗೆಯ ಮೂತಿಯನ್ನು ನೀರಿನಿಂದ ಮೇಲಕ್ಕೆತ್ತಿ ಹಿಂದಕ್ಕೆ ವಾಲಿದಾಗ ಅವನು ನೀರಿನ ಮೇಲೆ ನಿಂತ!

ಇದರಲ್ಲಿ ಮಾಯೆಯೇನೂ ಇಲ್ಲ. ಚಪ್ಪಟೆಯಾದ ಬಿಲ್ಲೆಗಲ್ಲನ್ನು ಕೆರೆಯ ಮೇಲೆ ಬೀಸಿ ಎಸೆದರೆ ಅದು ಕಪ್ಪೆಯಂತೆ ಕುಪ್ಪಳಿಸುತ್ತ ಹೋಗುವುದನ್ನು ತಾವೆಲ್ಲರೂ ಬಾಲ್ಯದಲ್ಲಿ ಕಂಡಿದ್ದೀರಿ. ನಿಧಾನವಾಗಿ ಬಂದದ್ದನ್ನು ನೀರು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ವೇಗವಾಗಿ, ಓರೆಯಾಗಿ ಬಂದದ್ದನ್ನು ಮೇಲಕ್ಕೆ ತಳ್ಳುತ್ತದೆ. ಆಟದ ಗುಟ್ಟು ಇಷ್ಟೇ.

1925ರಲ್ಲಿ ಅದೇ ಹುಡುಗ ಅರೆ ಮುಳುಗಿದ ಕಟ್ಟೆಗೆ ಕೊಬ್ಬು ಸವರಿ, ಅದರ ಮೇಲೆ ಜಾರಿ ಗಾಳಿಯಲ್ಲಿ ಹಾರಿದ. ಸಾಲದೆಂದು, ನೀರಿನಿಂದಲೇ ಏರಿ ನೀರಿಗೇ ಇಳಿಯುವ ಒಂದು ದೋಣಿವಿಮಾನದ ಹಿಂದೆ ಹಗ್ಗ ಕಟ್ಟಿಸಿಕೊಂಡು ಗಂಟೆಗೆ ಎಂಬತ್ತು ಮೈಲಿ ವೇಗದಲ್ಲಿ ಜಾರಿದ. ಇಷ್ಟಾದರೂ ತನ್ನ ಹಲಗೆಗಳಿಗೆ ಅವನು ಪೇಟೆಂಟ್ ಪಡೆಯಲಿಲ್ಲ. ಅದೇ 1925ರಲ್ಲಿ ಫ್ರೆಡ್ ವಾಲರ್ ಎಂಬ ಇನ್ನೊಬ್ಬರು ಪೇಟೆಂಟ್ ಪಡೆದರು. ಮೊದಲಿಗ ಸ್ಯಾಮ್ಯುಯೆಲ್‌ಸನ್ನನೇ ಎಂದು ಅಮೆರಿಕಾದ ನೀರುಜಾರಾಟದ ಸಂಘ ಒಪ್ಪಿದ್ದು 1966ರಲ್ಲಿ.

ಹೀಗೆ ಹುಟ್ಟಿದ ವಿನೋದ ಬೇಗನೆ ನಿಯಮಬದ್ಧವಾದ ಕ್ರೀಡೆಯಾಯಿತು. 1939ರಲ್ಲಿ ಅಮೆರಿಕಾದ ಸಂಘ ಸ್ಥಾಪಿತವಾಗಿ, ಅದೇ ವರ್ಷ ಮೊದಲ ರಾಷ್ಟ್ರೀಯ ಪಂದ್ಯಗಳು ನಡೆದವು. 1946ರಲ್ಲಿ ಜಾಗತಿಕ ಒಕ್ಕೂಟ ಹುಟ್ಟಿತು. 1949ರಲ್ಲಿ ಫ್ರಾನ್ಸಿನ ಜುವಾನ್-ಲೆ-ಪಿನ್‌ನಲ್ಲಿ ಮೊದಲ ವಿಶ್ವಪಂದ್ಯ. ಫ್ಲಾರಿಡಾದಲ್ಲಿ ಡಿಕ್ ಪೋಪ್ ಎಂಬವರು 1936ರಲ್ಲಿ ತೆರೆದ ಸೈಪ್ರೆಸ್ ಗಾರ್ಡನ್ಸ್ ಎಂಬ ಉದ್ಯಾನ ಈ ಆಟದ ತವರುಮನೆಯೆನಿಸಿತು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಇದನ್ನು ಪ್ರದರ್ಶನದ ಆಟವಾಗಿ ಆಡಿಸಿದರು. ಪದಕದ ಪಂಕ್ತಿಗೆ ಮಾತ್ರ ಸೇರಿಸಿಕೊಳ್ಳಲಿಲ್ಲ.

ಪಂದ್ಯದಲ್ಲಿ ಮೂರು ಅಂಗಗಳು. ಒಂದು, ಇಪ್ಪತ್ತು ಸೆಕೆಂಡಿನ ಎರಡು ಸರದಿಗಳಲ್ಲಿ ಆದಷ್ಟು ಚಮತ್ಕಾರಗಳನ್ನು ತೋರುವುದು. ಎರಡು, ಇಳಿಜಾರು ಕಟ್ಟೆಯನ್ನೇರಿ ದೂರಕ್ಕೆ ನೆಗೆಯುವುದು. ಇಂದಿನ ಘಟಾನುಘಟಿಗಳು ಎಪ್ಪತ್ತು ಮೀಟರಿಗೂ ಮೀರಿ ನೆಗೆದಿದ್ದಾರೆ. ಮೂರನೆಯದೇ ಸ್ಲಾಲಮ್. 259 ಮೀಟರು ಉದ್ದದ ಹಾದಿಯ ನಡುವೆ ದೋಣಿ ನೇರವಾಗಿ ಓಡುತ್ತದೆ; ಎಡಬಲಗಳಲ್ಲಿ ತೇಲುವ ಆರು ಚೆಂಡುಗಳನ್ನು ಆಟಗಾರ ಹಾವಿನ ನಡೆಯಲ್ಲಿ ಸುತ್ತಿಕೊಂಡು ಬರಬೇಕು. ಪುರುಷರಿಗೆ ವೇಗದ ಮಿತಿ ಗಂಟೆಗೆ 58 ಕಿಲೋಮೀಟರು. ಆ ಮಿತಿ ಮುಟ್ಟಿದ ಮೇಲೆ ಪ್ರತಿ ಸರದಿಗೂ ಹಗ್ಗವನ್ನು ಗಿಡ್ಡ ಮಾಡುತ್ತಾರೆ. ಮೊದಲು 18.25 ಮೀಟರು ಇದ್ದ ಹಗ್ಗ ಕಡೆಕಡೆಗೆ ಹತ್ತು ಮೀಟರಿಗೂ ಕಡಮೆಯಾಗುತ್ತದೆ. ಚೆಂಡು ಇರುವುದಾದರೋ ನಡುಗೆರೆಯಿಂದ 11.5 ಮೀಟರು ದೂರದಲ್ಲಿ. ಹಗ್ಗ ಮುಟ್ಟದ ಆ ಅಂತರವನ್ನು ತನ್ನ ತೋಳು ಮತ್ತು ಮೈಯನ್ನು ಚಾಚಿಯೇ ತುಂಬಬೇಕು. ಅಂಥ ಹೊತ್ತಿನಲ್ಲಿ ಆಟಗಾರನ ಭುಜ ನೀರನ್ನು ಸವರುವಷ್ಟು ಹತ್ತಿರಕ್ಕೆ ಬಂದಿರುತ್ತದೆ.

ಇಂಥ ಆಟಕ್ಕೆ ಎಲ್ಲ ದೋಣಿಗಳೂ ಒದಗವು. ಸಾಮಾನ್ಯ ದೋಣಿ ತನ್ನ ಹಿಂದೆ ದೊಡ್ಡ ಅಲೆಯನ್ನು ಎಬ್ಬಿಸುತ್ತದೆ. ಅಡ್ಡ ದಾಟುವ ಆಟಗಾರನಿಗೆ ಅದು ರಸ್ತೆಯ ದಿಬ್ಬವಿದ್ದಂತೆ. ಆದಕಾರಣ ಪಂದ್ಯದ ದೋಣಿಯಲ್ಲಿ ಯಂತ್ರವನ್ನು ಹೊಟ್ಟೆಯ ನಡುವೆ ಇಟ್ಟು ತೂಕವನ್ನು ಸಮಮಾಡುತ್ತಾರೆ, ಅಡಿಯನ್ನು ಚಪ್ಪಟೆ ಮಾಡುತ್ತಾರೆ, ಹಗ್ಗದ ಕಂಬವನ್ನು ದೋಣಿಯ ಮಧ್ಯದಲ್ಲೇ ನೆಡುತ್ತಾರೆ. ಫ್ಲಾರಿಡಾದ ಲಿಯೋ ಬೆಂಟ್ಸ್ ರೂಪಿಸಿದ ಸ್ಕೀ ನಾಟೀಕ್ ಎಂಬ ದೋಣಿಯನ್ನು ಕರೆಕ್ಟ್ ಕ್ರಾಫ್ಟ್ ಕಂಪನಿ 1960ರ ದಶಕದಲ್ಲಿ ಹೆಸರುವಾಸಿ ಮಾಡಿತು. 1968ರಲ್ಲಿ ಟೆನೆಸಿಯಲ್ಲಿ ಮಾಸ್ಟರ್‌ಕ್ರಾಫ್ಟ್ ಬಂದಿತು. ಈಗ ದೋಣಿಯ ವೇಗವನ್ನು ಉಪಗ್ರಹಗಳ ಸಹಾಯದಿಂದ ಯಂತ್ರವೇ ಕಾಯುತ್ತದೆ.

ದೋಣಿ ಎಷ್ಟೇ ಒಳ್ಳೆಯದಿರಲಿ, ಅದಕ್ಕಿಂತ ಮೊದಲು ಬೇಕಾದದ್ದು ನೀರು. ನಿಶ್ಚಲವಾದ ನೀರು, ಅದಕ್ಕಿಂತ ಹೆಚ್ಚಾಗಿ, ಶುಚಿಯಾದ ನೀರು. ಏಕೆಂದರೆ ಬೀಳದೆ ಈ ಆಟವನ್ನು ಕಲಿತವರಿಲ್ಲ. ಬಿದ್ದವನ ಕಣ್ಣು, ಮೂಗು, ಬಾಯಿಗಳಿಗೆ ನೀರು ಹೋಗಿಯೇ ಹೋಗುತ್ತದೆ. ಇಲ್ಲಿಂದ ನಮ್ಮ ಕಥೆ ಪ್ರಾರಂಭವಾಗುತ್ತದೆ.

ಬೆಂಗಳೂರಿನ ಪೂರ್ವಕ್ಕಿರುವ ಬೆಳ್ಳಂದೂರು ಕೆರೆ ನಗರದ ಕೆರೆಗಳಲ್ಲೆಲ್ಲ ದೊಡ್ಡದು. ಸುಮಾರು ಒಂಬೈನೂರು ಎಕರೆ ವಿಸ್ತಾರ, ಮೂರೂವರೆ ಕಿಲೋಮೀಟರಿನಷ್ಟು ಉದ್ದ. ಅದರ ಕೋಡಿಯ ನೀರು ವರ್ತೂರು ಕೆರೆಗೆ ಇಳಿದು, ಅಲ್ಲಿಂದ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಇದರ ಸಮೀಪದಲ್ಲೇ 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಕಾರದಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಯುದ್ಧದ ಒತ್ತಡದಲ್ಲಿ 1943ರಲ್ಲಿ ಅದರ ಆಡಳಿತ ಅಮೆರಿಕಾದ ಸೇನೆಯ ವಾಯುದಳದ ಕೈಗೆ ಹೋಯಿತು. ಆ ದಿನಗಳಲ್ಲಿ ಕ್ಯಾಟಲೀನಾ ಎಂಬ ದೋಣಿವಿಮಾನಗಳು ರಿಪೇರಿಗಾಗಿ ಇಲ್ಲಿಗೆ ಬಂದು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದವು. ರೆಕ್ಕೆಯ ತುದಿಯಿಂದ ತುದಿಗೆ ನೂರನಾಲ್ಕು ಅಡಿ, ಎರಡು ಎಂಜಿನುಗಳ ವಿಮಾನ! ಪೆಪಿನ್ ಸರೋವರದ ಹುಡುಗನನ್ನು ಎಳೆದದ್ದು ಎಂಥ ಯಂತ್ರವೋ ಅದರ ಸಂತತಿಯೇ ನಮ್ಮ ಕೆರೆಯ ಮೇಲೂ ಬಿಳಿಯ ಗೀಟು ಎಳೆದಿದೆ. ಕೆರೆಯನ್ನು ಕಟ್ಟಿಸಿದವರು ಗದ್ದೆಗೆಂದು ಕಟ್ಟಿಸಿದರು; ಅದು ವಿಮಾನಕ್ಕೂ ನಿಲ್ದಾಣವಾಯಿತು.

ಕೆರೆ ಕಟ್ಟಿಸುವುದನ್ನು ನಮ್ಮ ಹಿರಿಯರು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದ್ದರು. ಎಂದರೆ ಮಗನನ್ನು ಪಡೆದಷ್ಟೇ ಪುಣ್ಯ. ಕೆರೆಯ ದುರಸ್ತಿಗೆಂದು ಭೂಮಿ ಬಿಟ್ಟದ್ದನ್ನು ಶಾಸನಗಳು ಹೇಳುತ್ತವೆ. ತೂಬು ತೆಗೆದು ನೀರು ಹಂಚಲು ನೀರುಗಂಟಿ ಇರುತ್ತಿದ್ದ. ಏರಿ, ತೂಬು, ಕೋಡಿ, ಕಾಲುವೆ ಒಂದೊಂದಕ್ಕೂ ಒಬ್ಬೊಬ್ಬ ಹೊಣೆಗಾರನಿದ್ದ. ಗದ್ದೆ ಹೋಗಿ ಬಡಾವಣೆ, ಕಾರ್ಖಾನೆ, ಕಂಪ್ಯೂಟರ್ ಕಂಪನಿಗಳ ಗಾಜಿನ ಮಹಡಿಗಳು ಬಂದ ಮೇಲೆ ನೀರುಗಂಟಿಗೆ ಕೆಲಸವಿಲ್ಲವಾಯಿತು. ನೀರನ್ನು ಬೇಡುವವರಿಲ್ಲದ ಕೆರೆಗೆ ಕೊಳಚೆಯನ್ನು ಬಿಡುವವರು ಮಾತ್ರ ಉಳಿದರು.

ಪರಿಣಾಮವನ್ನು ತಾವು ಬಲ್ಲಿರಿ. 2015ರಲ್ಲಿ ವರ್ತೂರು ಕೆರೆಯ ನೊರೆ ವೈಟ್‌ಫೀಲ್ಡಿನ ಕಡೆಯ ರಸ್ತೆಗೆ ಹಾರಿ ಬಂದಿತು. ಬೆಳ್ಳಂದೂರಿನ ನೊರೆಗೆ ಅದೇ ವರ್ಷ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ, 2018ರ ಜನವರಿಯಲ್ಲಿ ಕೆರೆಯಲ್ಲಿ ಮತ್ತೆ ಬೆಂಕಿ ಎದ್ದಿತು. ನೀರಿನಲ್ಲಿ ಬೆಂಕಿಯಿರುವುದನ್ನು ನಾವು ಪುರಾಣದ ಬಡಬಾಗ್ನಿಯಲ್ಲಿ ಓದಿದ್ದೆವು; ಅದನ್ನು ಕಣ್ಣಾರೆ ನೋಡುವ ಕಾಲ ಬಂದಿತು. ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಲಿ ಮಧ್ಯೆ ಬಂದು, ಹೂಳು ತೆಗೆಯುವ ಕಾರ್ಯ ಕೈಗೊಂಡದ್ದೂ ನಿಜ.

ನಮ್ಮ ಕೆರೆಗಳಲ್ಲಿ ನೀರುಜಾರಾಟದ ಪಂದ್ಯ ನಡೆಯಬೇಕೆಂಬುದು ಈ ಲೇಖನದ ಬಿನ್ನಹವಲ್ಲ. ಮೋಟಾರಿನ ಸದ್ದು ಹಕ್ಕಿಗಳಿಗೆ ಹಿತವಲ್ಲ. ಎಣ್ಣೆಗೆ ಹಣ ಸುರಿಯುವ ಆಟ ಎಲ್ಲರ ಆಟವೂ ಅಲ್ಲ. ಹಲಸೂರು ಕೆರೆಯಲ್ಲಿ ಮದರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಸದ್ದಿಲ್ಲದೆ ಹುಟ್ಟು ಹಾಕಿ ದೋಣಿ ನಡೆಸಲು ಕಲಿತಿದ್ದಾರೆ. ಅಂಥದು ನಮಗೆ ಹೆಚ್ಚು ಒಪ್ಪುತ್ತದೆ. ಆದರೆ ಈ ಆಟದ ಚರಿತ್ರೆಯಿಂದ ಒಂದು ಅಳತೆಗೋಲನ್ನು ನಾವು ಎರವಲು ಪಡೆಯಬಹುದು. ಕೆರೆ ಶುದ್ಧವಾಯಿತೆಂದು ಅಧಿಕಾರಿಗಳು ಹೇಳಿದಾಗ, ಸುತ್ತಲ ತಂತಿಬೇಲಿಯನ್ನೂ ನಡೆದಾಡುವ ಹಾದಿಯನ್ನೂ ನೋಡಿ ತೃಪ್ತರಾಗದಿರೋಣ. ಇದರಲ್ಲಿ ಒಬ್ಬ ಹುಡುಗ ಬಿದ್ದು, ಒಂದು ಗುಟುಕು ನೀರು ಕುಡಿದು, ನಗುತ್ತ ಮೇಲೆದ್ದು ಬರಬಲ್ಲನೇ ಎಂದು ಕೇಳೋಣ.

ಲೇಕ್ ಸಿಟಿಯ ಹುಡುಗನಿಗೆ ಹಲಗೆಯೂ ಹಂಡೆಯೂ ಅಣ್ಣನ ದೋಣಿಯೂ ಒದಗಿದವು. ಇವೆಲ್ಲ ಹಣಕ್ಕೆ ಸಿಗುವ ವಸ್ತುಗಳು. ಮತ್ತೆ ಮತ್ತೆ ಬೀಳಬಹುದಾದ ನೀರು ಅವನ ಊರಿನ ಮಗ್ಗುಲಲ್ಲೇ ಇತ್ತು. ಅದನ್ನು ಮಾತ್ರ ಊರಿಗೆ ಊರೇ ಕೂಡಿ ಉಳಿಸಿಕೊಳ್ಳಬೇಕಾಗುತ್ತದೆ.